ಉಗುರಿನ ಫಂಗಸ್‌ಗೆ ಬೆಳಕಿನ ಚಿಕಿತ್ಸೆಯೋ, ಮಾತ್ರೆಯೋ, ಲೇಪವೋ? ಮಲೆನಾಡಿನವರಿಗೊಂದು ಹೋಲಿಕೆ

ಜೂನ್ ಹಿಡಿದ ಮಳೆ ಬಿಡುವವರೆಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಕಾಲು ಒಣಗುವುದೇ ಕಷ್ಟ. ಮಳೆ ಅಂತ ತೋಟದ ಕೆಲಸ ನಿಲ್ಲುವುದಿಲ್ಲ. ಬೆಳಿಗ್ಗೆ ಹಾಕಿದ ಗಂಬೂಟು ಬಿಚ್ಚುವುದು ಸಂಜೆಗೆ. ಒಳಗೆ ಬೆವರು, ಮೇಲಿಂದ ಇಳಿದ ನೀರು, ಒಲೆ ಮುಂದೆ ಹರವಿದರೂ ಒಣಗದ ಸಾಕ್ಸು. ಬೆರಳ ಸಂದಿ ಬೆಳ್ಳಗಾಗಿ ಸುಲಿಯುತ್ತದೆ. ಹೆಬ್ಬೆರಳ ಉಗುರು ಹಳದಿಯಾಗಿ, ದಪ್ಪಗಾಗಿ, ಅಂಚಿನಿಂದ ಪುಡಿ ಉದುರುತ್ತದೆ. ತೊಡೆ ಸಂದಿಯಲ್ಲಿ ಹುಳಕಡ್ಡಿ ಬಂದರೆ ರಾತ್ರಿ ನಿದ್ದೆಯೇ ಇಲ್ಲ.

ಈಗ ಇದಕ್ಕೆಲ್ಲ ಒಂದು ಹೊಸ ಹೆಸರು ಕೇಳಿಬರುತ್ತಿದೆ: ಬೆಳಕಿನ ಚಿಕಿತ್ಸೆ. ವೈದ್ಯರ ಭಾಷೆಯಲ್ಲಿ ಫೋಟೋಡೈನಮಿಕ್ ಥೆರಪಿ. ಒಂದು ಬಣ್ಣದ ಔಷಧಿ ಹಚ್ಚಿ, ಅದರ ಮೇಲೆ ಬೆಳಕು ಬಿಟ್ಟು ಫಂಗಸ್ ಕೊಲ್ಲುವ ವಿಧಾನ. ಮಾತ್ರೆ ನುಂಗಬೇಕಿಲ್ಲ, ಲಿವರ್‌ಗೆ ತೊಂದರೆ ಇಲ್ಲ ಅಂದ ಕೂಡಲೇ ಯಾರಿಗಾದರೂ ಆಸೆ ಹುಟ್ಟುತ್ತದೆ, ಅಲ್ವಾ? ಅದು ನಿಜಕ್ಕೂ ಯಾರಿಗೆ ಒಳ್ಳೆಯದು, ಯಾರಿಗೆ ಸುಮ್ನೆ ದುಡ್ಡು ದಂಡ ಅನ್ನುವುದನ್ನು ಇಲ್ಲಿ ಬಿಡಿಸಿ ನೋಡೋಣ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಬೆಳಕಿನ ಚಿಕಿತ್ಸೆ ಮೋಸವಲ್ಲ. ಅದರ ಹಿಂದೆ ಗಟ್ಟಿ ವಿಜ್ಞಾನ ಇದೆ. ಆದರೆ ಇವತ್ತಿನ ಮಟ್ಟಿಗೆ ಅದು ಹೊಂದುವುದು ಮುಖ್ಯವಾಗಿ ಒಂದು ಗುಂಪಿನವರಿಗೆ: ಉಗುರಲ್ಲಿ ಫಂಗಸ್ ಇದೆ ಎಂದು ಪರೀಕ್ಷೆಯಲ್ಲಿ ಖಚಿತವಾದವರು, ಮತ್ತು ಯಾವುದೋ ಕಾರಣಕ್ಕೆ ಮಾತ್ರೆ ತಗೊಳ್ಳಲಾಗದವರು. ಉಳಿದವರಿಗೆ ಹಳೆಯ ದಾರಿಯೇ ಮೇಲು. ಕಣ್ಣಿನ ಫಂಗಸ್ ವಿಷಯ ಪೂರ್ತಿ ಬೇರೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ, ದಯವಿಟ್ಟು ಬಿಡದೆ ಓದಿ.

ಬೆಳಕು ಫಂಗಸ್ಸನ್ನು ಕೊಲ್ಲುವುದು ಹೇಗೆ

ಇದು ನಿನ್ನೆ ಮೊನ್ನೆಯದಲ್ಲ. 1900ರ ಹೊತ್ತಿಗೇ ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವೈದ್ಯ ವಿದ್ಯಾರ್ಥಿ ಇದನ್ನು ಗಮನಿಸಿದ್ದ. ಅಕ್ರಿಡಿನ್ ಎಂಬ ಬಣ್ಣ ಬೆರೆಸಿದ ನೀರಲ್ಲಿದ್ದ ಪ್ಯಾರಾಮೀಸಿಯಂ ಎಂಬ ಸೂಕ್ಷ್ಮಜೀವಿಗಳು ಬೆಳಕು ಬಿದ್ದಾಗ ಬೇಗ ಸತ್ತವು. ಕತ್ತಲಲ್ಲಿಟ್ಟಾಗ ಅಷ್ಟು ಬೇಗ ಸಾಯಲಿಲ್ಲ. ಅವನ ಗುರು ಹರ್ಮನ್ ಫಾನ್ ಟಾಪೈನರ್ ಇದರಲ್ಲಿ ಆಮ್ಲಜನಕದ ಪಾತ್ರವೂ ಇದೆ ಎಂದು ತೋರಿಸಿ, ಈ ಕ್ರಿಯೆಗೆ ಫೋಟೋಡೈನಮಿಕ್ ಎಂದು ಕರೆದರು.

ಅಂದರೆ ಇದಕ್ಕೆ ಮೂರು ಬೇಕು: ಬೆಳಕು ಹೀರುವ ಔಷಧಿ, ಅದಕ್ಕೆ ಹೊಂದುವ ಬಣ್ಣದ ಬೆಳಕು, ಆಮ್ಲಜನಕ. ಔಷಧಿ ಬೆಳಕನ್ನು ಹೀರಿಕೊಂಡು ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಆಗ ಹುಟ್ಟುವ ಚುರುಕಾದ ಆಮ್ಲಜನಕ ಕ್ಷಣಮಾತ್ರ ಇರುತ್ತದೆ. ಆ ಕ್ಷಣದಲ್ಲೇ ಫಂಗಸ್ ಕೋಶದ ಪೊರೆ, ಪ್ರೋಟೀನು, ಕೊಬ್ಬು ಎಲ್ಲವನ್ನೂ ಸುಡುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಏನೂ ನಡೆಯುವುದಿಲ್ಲ.

ಫಂಗಸ್‌ಗೆ ಜಾಸ್ತಿ ಬಳಕೆಯಾಗುವ ಔಷಧಿಗಳು ಎರಡು. ಒಂದು ಮೆಥಿಲೀನ್ ಬ್ಲೂ. 1876ರಲ್ಲಿ ಬಟ್ಟೆ ಬಣ್ಣವಾಗಿ ತಯಾರಾದದ್ದು. 1891ರಲ್ಲಿ ಪಾಲ್ ಎರ್ಲಿಕ್ ಅದನ್ನು ಮಲೇರಿಯಾಗೆ ಕೊಟ್ಟು ನೋಡಿದ್ದರು. 660 ನ್ಯಾನೋಮೀಟರ್ (ಬೆಳಕಿನ ಬಣ್ಣ ಗುರುತಿಸುವ ಅಳತೆ) ಆಸುಪಾಸಿನ ಕೆಂಪು ಬೆಳಕನ್ನು ಅದು ಚೆನ್ನಾಗಿ ಹೀರುತ್ತದೆ. ಇನ್ನೊಂದು ಅಮೈನೋ ಲೆವುಲಿನಿಕ್ ಆಮ್ಲ, ಚಿಕ್ಕದಾಗಿ ಎಎಲ್‌ಎ. ಇದು ತಾನೇ ಬೆಳಕು ಹೀರುವುದಿಲ್ಲ. ಕೋಶದೊಳಗೆ ಹೋಗಿ ಪೋರ್ಫಿರಿನ್ ಎಂಬ ಬೆಳಕು ಹೀರುವ ವಸ್ತುವಾಗಿ ಬದಲಾಗಬೇಕು. ಅದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಆಮೇಲೆ 635 ನ್ಯಾನೋಮೀಟರ್ ಸುತ್ತಿನ ಕೆಂಪು ಬೆಳಕು. ಮೆಥಿಲೀನ್ ಬ್ಲೂ ಅಗ್ಗ, ಕಾಯುವ ಹೊತ್ತೂ ಕಮ್ಮಿ, ಆದರೆ ಚರ್ಮ ನೀಲಿಯಾಗುತ್ತದೆ. ಎಎಲ್‌ಎ ದುಬಾರಿ. ಬೆಳಕು ಬಿಡುವಾಗ ಉರಿ ಜಾಸ್ತಿ.

ಇದರ ಬಲವೂ ಮಿತಿಯೂ ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಅಡಿಕೆ ಕೊಳೆಗೆ ಬೋರ್ಡೋ ಹೊಡೆಯುತ್ತೇವಲ್ಲ, ಹಾಗೆ. ಅದರಲ್ಲಿರುವ ಮೈಲುತುತ್ತ ರೋಗಾಣುವಿನ ಯಾವುದೋ ಒಂದು ಕೆಲಸವನ್ನಲ್ಲ, ಹಲವನ್ನು ಒಟ್ಟಿಗೆ ಕೆಡಿಸುತ್ತದೆ. ಅದಕ್ಕೇ ತಲೆಮಾರುಗಳಿಂದ ಹೊಡೆದರೂ ಕೆಲಸ ಮಾಡುತ್ತಿದೆ. ಆದರೆ ದ್ರಾವಣ ತಾಗದ ಗೊನೆಗೆ ರಕ್ಷಣೆಯೇ ಇಲ್ಲ. ಬೆಳಕಿನ ಚಿಕಿತ್ಸೆಯೂ ಅಷ್ಟೇ. ಫಂಗಸ್ಸಿನ ಹಲವು ಭಾಗಗಳನ್ನು ಒಂದೇ ಸಲ ಹೊಡೆಯುವುದರಿಂದ ಅದಕ್ಕೆ ಒಗ್ಗಿಕೊಳ್ಳುವುದು ಕಷ್ಟ. ಮಾತ್ರೆಗೆ ಬಗ್ಗದ ಫಂಗಸ್ಸೂ ಲ್ಯಾಬಿನಲ್ಲಿ ಇದಕ್ಕೆ ಬಗ್ಗುತ್ತದೆ. ಆದರೆ ಔಷಧಿ ಇಳಿಯದ, ಬೆಳಕು ಮುಟ್ಟದ ಜಾಗದಲ್ಲಿ ಫಂಗಸ್ ಆರಾಮಾಗಿ ಉಳಿಯುತ್ತದೆ. ಮುಂದೆ ಹೇಳುವ ಪ್ರತಿ ಆಯ್ಕೆಯಲ್ಲೂ ಈ ಮಾತು ಬರುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಆಯ್ಕೆ

ಕೆಟ್ಟ ಉಗುರೆಲ್ಲ ಫಂಗಸ್ ಅಲ್ಲ. ದಪ್ಪಗಾಗಿ ಬಣ್ಣ ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಫಂಗಸ್ ಇರುತ್ತದೆ. ಉಳಿದದ್ದು ಸೋರಿಯಾಸಿಸ್ ಇರಬಹುದು, ಗಂಬೂಟಿನ ಒತ್ತಡ ಇರಬಹುದು, ಎಂದೋ ಕಲ್ಲು ಬಿದ್ದ ಪೆಟ್ಟು ಇರಬಹುದು. ಇವಕ್ಕೆ ಮಾತ್ರೆಯೂ ಬೇಡ, ಬೆಳಕೂ ಬೇಡ. ಎರಡೂ ಏನೂ ಮಾಡುವುದಿಲ್ಲ.

ಕೆಒಎಚ್ ಪರೀಕ್ಷೆ ಅಂತ ಒಂದಿದೆ. ಉಗುರಿನ ಪುಡಿ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಫಂಗಸ್ಸಿನ ಎಳೆ ಕಂಡರೆ ಆಯಿತು. ಚರ್ಮದ ತುಣುಕಿಗೆ ಕೆಲವೇ ನಿಮಿಷ ಸಾಕು, ಉಗುರಿಗೆ ಇನ್ನಷ್ಟು ಹೊತ್ತು ಬೇಕು. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆ ಚರ್ಮರೋಗ ವಿಭಾಗದಲ್ಲಿ ಇದು ದೊಡ್ಡ ವಿಷಯವಲ್ಲ. ಕಲ್ಚರ್, ಅಂದರೆ ಫಂಗಸ್ಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಬೇಕಾದರೆ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. ಕೆಒಎಚ್‌ನಲ್ಲಿ ಇಲ್ಲ ಅಂತ ಬಂದರೂ ಅನುಮಾನ ಉಳಿದರೆ ಇನ್ನೊಮ್ಮೆ ಕೆರೆದು ನೋಡುವುದು ಒಳ್ಳೆಯದು, ಯಾಕೆಂದರೆ ಮೊದಲ ಸಲ ತಪ್ಪಿಹೋಗುವುದು ಸಾಮಾನ್ಯ. ಪರೀಕ್ಷೆಗೆ ಮುಂಚೆ ಕ್ರೀಮು ಹಚ್ಚಿರಬೇಡಿ. ಹಚ್ಚಿದ್ದರೆ ವೈದ್ಯರಿಗೆ ಹೇಳಿ.

ಪರೀಕ್ಷೆಯನ್ನೇ ಮಾಡದೆ ನೇರ ಬೆಳಕಿನ ಪ್ಯಾಕೇಜ್ ಹೇಳುವ ಕಡೆಯಿಂದ ಎದ್ದು ಬನ್ನಿ.

ಕಾಲುಗುರು: ನಾಲ್ಕು ದಾರಿ

ಒಂದು ಲೆಕ್ಕ ಮೊದಲು ತಲೆಯಲ್ಲಿರಲಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಾಲುಗುರು ಅದರ ಅರ್ಧದಷ್ಟು ಇಲ್ಲವೇ ಇನ್ನೂ ಕಮ್ಮಿ. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬರಲು 12ರಿಂದ 18 ತಿಂಗಳು ಬೇಕು. ಯಾವ ಚಿಕಿತ್ಸೆಯೂ ಕೆಟ್ಟ ಉಗುರನ್ನು ಒಳ್ಳೆಯದು ಮಾಡುವುದಿಲ್ಲ. ಫಂಗಸ್ಸನ್ನು ಕೊಲ್ಲುತ್ತದೆ ಅಷ್ಟೇ. ಆಮೇಲೆ ಬುಡದಿಂದ ಒಳ್ಳೆ ಉಗುರು ಬರುವುದನ್ನು ಕಾಯಬೇಕು. ತಿಂಗಳಲ್ಲೇ ಉಗುರು ಸರಿಯಾಗುತ್ತದೆ ಅನ್ನುವ ಜಾಹೀರಾತು ಸುಳ್ಳು ಅನ್ನಲು ಇಷ್ಟು ತಿಳಿದಿದ್ದರೆ ಸಾಕು.

ಮಾತ್ರೆಯಲ್ಲಿ ಮೊದಲ ಆಯ್ಕೆ ಟರ್ಬಿನಫಿನ್. ದಿನಕ್ಕೆ 250 ಮಿಲಿಗ್ರಾಂ, ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ. ರಕ್ತದ ಮೂಲಕ ಉಗುರಿನ ಬುಡಕ್ಕೇ ಹೋಗಿ ಸೇರುತ್ತದೆ. ಅದೇ ಅದರ ದೊಡ್ಡ ಅನುಕೂಲ. ಅಮೆರಿಕದಲ್ಲಿ ಅದರ ಒಪ್ಪಿಗೆಗೆ ಆಧಾರವಾದ ಪ್ರಯೋಗಗಳಲ್ಲಿ ಕಾಲುಗುರಿನ ಫಂಗಸ್ ಪರೀಕ್ಷೆಯಲ್ಲಿ ಇಲ್ಲವಾದದ್ದು ಸುಮಾರು 70% ಜನರಲ್ಲಿ. ಉಗುರು ನೋಡಲಿಕ್ಕೂ ಪೂರ್ತಿ ಸರಿಹೋದದ್ದು 38% ಜನರಲ್ಲಿ. ಇವೆರಡು ಬೇರೆ ಬೇರೆ ಅಳತೆ ಅನ್ನುವುದು ನೆನಪಿರಲಿ. ಅಂಗಡಿಯವರು ಯಾವಾಗಲೂ ದೊಡ್ಡದನ್ನೇ ಹೇಳುತ್ತಾರೆ.

ತೊಂದರೆ ಏನು? ಲಿವರ್ ಕಾಯಿಲೆ ಇದ್ದವರಿಗೆ ಆಗದು. ಶುರು ಮಾಡುವ ಮುಂಚೆ ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿ. ಕೆಲವರಿಗೆ ನಾಲಿಗೆ ರುಚಿ ಹೋಗುತ್ತದೆ. ಇಟ್ರಾಕೊನಜೋಲ್ ಇನ್ನೊಂದು ಮಾತ್ರೆ. ಉಗುರಿಗೆ ತಿಂಗಳಲ್ಲಿ ಒಂದು ವಾರ ಮಾತ್ರ ನುಂಗುವ ಪದ್ಧತಿ ಇದೆ. ಆದರೆ ಹೃದಯ ದುರ್ಬಲ ಇರುವವರಿಗೆ ಇದು ಅಪಾಯ. ಕೊಲೆಸ್ಟರಾಲ್‌ನ ಕೆಲವು ಮಾತ್ರೆಗಳ ಜೊತೆಗೂ ಕೂಡದು. ಇದರ ಕ್ಯಾಪ್ಸೂಲನ್ನು ಊಟದ ಜೊತೆ ತಗೋಬೇಕು. ಗ್ಯಾಸ್ಟ್ರಿಕ್ ಮಾತ್ರೆ ಜೊತೆಗೆ ತಗೊಂಡರೆ ಮೈಗೆ ಹತ್ತುವುದಿಲ್ಲ. ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ನುಂಗುವವರು ಎಷ್ಟು ಮನೆಯಲ್ಲಿಲ್ಲ ಹೇಳಿ. ಇದನ್ನು ವೈದ್ಯರು ಕೇಳದಿದ್ದರೆ ನೀವೇ ಹೇಳಬೇಕು.

ಲೇಪ ಎಂದರೆ ನೇಲ್ ಪಾಲಿಶ್‌ನಂತೆ ಹಚ್ಚುವ ಔಷಧಿ. ಅಮೊರೊಲ್ಫಿನ್ 5% ವಾರಕ್ಕೆ ಒಂದೆರಡು ಸಲ, ಸೈಕ್ಲೊಪಿರಾಕ್ಸ್ 8% ದಿನಾ. ಮೈಗೆ ಏನೂ ತೊಂದರೆ ಇಲ್ಲ. ಆದರೆ ತಿಂಗಳುಗಟ್ಟಲೆ, ಕಾಲುಗುರಿಗೆ 9ರಿಂದ 12 ತಿಂಗಳು ಬಿಡದೆ ಹಚ್ಚಬೇಕು. ಸೈಕ್ಲೊಪಿರಾಕ್ಸ್ ಒಂದರಿಂದಲೇ ಉಗುರು ಪೂರ್ತಿ ಸರಿಯಾದದ್ದು ಅದರ ಅಮೆರಿಕದ ಪ್ರಯೋಗಗಳಲ್ಲಿ 10% ಕೂಡ ದಾಟಲಿಲ್ಲ. ತುದಿಯಲ್ಲಿ ಸ್ವಲ್ಪ ಮಾತ್ರ ಕೆಟ್ಟಿದ್ದರೆ, ಬುಡ ಚೆನ್ನಾಗಿದ್ದರೆ ಲೇಪ ಸಾಕಾಗಬಹುದು. ಬುಡದವರೆಗೆ ಹೋಗಿದ್ದರೆ ಲೇಪ ಒಂದನ್ನೇ ನಂಬಬೇಡಿ. ಮಾತ್ರೆಯ ಜೊತೆ ಸೇರಿಸಿದರೆ ಮಾತ್ರ ಪ್ರಯೋಜನ.

ಈಗ ಬೆಳಕು. ಉಗುರು ಗಟ್ಟಿ ಪದರ. ಔಷಧಿ ಸುಮ್ನೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಹಾಗಾಗಿ ಮೊದಲು ಯೂರಿಯಾ ಲೇಪ ಕಟ್ಟಿ ಮೆತ್ತಗೆ ಮಾಡುತ್ತಾರೆ, ಇಲ್ಲವೇ ಉಜ್ಜಿ ತೆಳ್ಳಗೆ ಮಾಡುತ್ತಾರೆ. ಆಮೇಲೆ ಔಷಧಿ, ಕಾಯುವುದು, ಬೆಳಕು. ಇದು ಒಂದೇ ಸಲಕ್ಕೆ ಮುಗಿಯುವುದಲ್ಲ. ಬ್ರೆಜಿಲ್‌ನ ಒಂದು ಅಧ್ಯಯನದಲ್ಲಿ ಮೆಥಿಲೀನ್ ಬ್ಲೂ ಮತ್ತು ಕೆಂಪು ಬೆಳಕನ್ನು 15 ದಿನಕ್ಕೊಮ್ಮೆಯಂತೆ 6 ತಿಂಗಳು ಕೊಟ್ಟು, ಫ್ಲುಕೊನಜೋಲ್ ಮಾತ್ರೆಯ ಜೊತೆ ಹೋಲಿಸಿದರು. ಬೆಳಕಿನವರಿಗೆ ಫಲ ಚೆನ್ನಾಗಿತ್ತು. ಉಗುರನ್ನು ಮೊದಲೇ ಉಜ್ಜಿ ತೆಳ್ಳಗೆ ಮಾಡಿದವರಲ್ಲಿ ಇನ್ನೂ ಚೆನ್ನಾಗಿತ್ತು. ಕೇಳಲು ಖುಷಿಯ ಸುದ್ದಿ. ಆದರೆ ಉಗುರಿಗೆ ಫ್ಲುಕೊನಜೋಲ್ ಮೊದಲ ಸಾಲಿನ ಮಾತ್ರೆಯಲ್ಲ. ಗೆದ್ದದ್ದು ಅತಿ ಬಲದ ಎದುರಾಳಿಯ ಮುಂದಲ್ಲ.

ಗ್ರೀಸ್‌ನಲ್ಲಿ 30 ಜನರಿಗೆ ಎಎಲ್‌ಎ ಬಳಸಿ ನೋಡಿದರು. 12 ತಿಂಗಳ ಹೊತ್ತಿಗೆ ಸುಮಾರು 43% ಜನ ವಾಸಿಯಾಗಿದ್ದರು. 18 ತಿಂಗಳಿಗೆ ಅದು 37% ಆಸುಪಾಸಿಗೆ ಇಳಿಯಿತು. ಅಂದರೆ ಕೆಲವರಿಗೆ ಮರಳಿ ಬಂತು. ಈ 37ನ್ನು ಟರ್ಬಿನಫಿನ್‌ನ 38ರ ಪಕ್ಕ ಇಟ್ಟು ಎರಡೂ ಒಂದೇ ಅಂದುಕೊಳ್ಳಬೇಡಿ. ಒಂದು ಕಡೆ 30 ಜನ, ಹೋಲಿಸಲು ಇನ್ನೊಂದು ಗುಂಪೇ ಇಲ್ಲ. ಇನ್ನೊಂದು ಕಡೆ ದೊಡ್ಡ ಪ್ರಯೋಗಗಳು, ದಶಕಗಳ ಬಳಕೆ. ಬೆಳಕಿನ ಅಧ್ಯಯನಗಳಲ್ಲಿ ಔಷಧಿ ಬೇರೆ, ಬೆಳಕಿನ ಪ್ರಮಾಣ ಬೇರೆ, ಎಷ್ಟು ಸಲ ಅನ್ನುವುದೂ ಬೇರೆ. ಎಲ್ಲರೂ ಒಪ್ಪಿದ ಒಂದು ಕ್ರಮ ಇನ್ನೂ ಇಲ್ಲ. ಎಎಲ್‌ಎಗೆ 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಬಿಸಿಲಿನಿಂದ ಕೆಟ್ಟ ಚರ್ಮದ ಒಂದು ತೊಂದರೆಗೆ. ಫಂಗಸ್‌ಗೆ ಅಲ್ಲ.

ಅಡ್ಡ ಪರಿಣಾಮ ಹೆಚ್ಚಿಲ್ಲ. ಬೆಳಕು ಬಿಡುವಾಗ ಉರಿ, ಆಮೇಲೆ ಒಂದೆರಡು ದಿನ ಕೆಂಪು, ಕೆಲವರಿಗೆ ಊತ, ಗುಳ್ಳೆ. ಎಎಲ್‌ಎ ಹಚ್ಚಿದ ಜಾಗಕ್ಕೆ ಆಮೇಲೆ ಸುಮಾರು ಎರಡು ದಿನ ಬಿಸಿಲು ತಾಗಬಾರದು. ಪೋರ್ಫೀರಿಯಾ ಎಂಬ ಅಪರೂಪದ ಕಾಯಿಲೆ ಇದ್ದವರಿಗೆ ಇದು ಕೂಡದು. ಲಿವರ್, ಕಿಡ್ನಿಗೆ ಹೊರೆ ಇಲ್ಲ. ಹತ್ತು ಮಾತ್ರೆ ನುಂಗುವ ವಯಸ್ಸಾದವರಿಗೆ ಈ ಗುಣ ನಿಜಕ್ಕೂ ದೊಡ್ಡದು. ಅದನ್ನು ನಾನು ಕಡೆಗಣಿಸುವುದಿಲ್ಲ.

ನಾಲ್ಕನೆಯದು ಲೇಸರ್. ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಲೇಸರ್ ಮತ್ತು ಬೆಳಕಿನ ಚಿಕಿತ್ಸೆ ಎರಡೂ ಒಂದಲ್ಲ. 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಲೇಸರ್ ಉಗುರನ್ನು ಬಿಸಿ ಮಾಡಿ ಕೆಲಸ ಮಾಡಬೇಕು ಅನ್ನುವ ಲೆಕ್ಕ. ಬಣ್ಣದ ಔಷಧಿ ಇಲ್ಲ, ಆಮ್ಲಜನಕದ ಆಟ ಇಲ್ಲ. ಅಮೆರಿಕದಲ್ಲಿ ಇದಕ್ಕೆ ಸಿಕ್ಕ ಅನುಮತಿಯ ಮಾತು ಕೂಡ ಉಗುರಿನ ಸ್ವಚ್ಛ ಭಾಗ ತಾತ್ಕಾಲಿಕವಾಗಿ ಹೆಚ್ಚುತ್ತದೆ ಅನ್ನುವಷ್ಟೇ. ವಾಸಿ ಮಾಡುತ್ತದೆ ಅಂತಲ್ಲ. ನನ್ನ ಮಟ್ಟಿಗೆ ಈ ನಾಲ್ಕರಲ್ಲಿ ಕೊನೆಯ ಸ್ಥಾನ ಇದಕ್ಕೇ.

ಹುಳಕಡ್ಡಿಗೆ ಬೆಳಕು ಬೇಡ

ತೊಡೆ ಸಂದಿ, ಸೊಂಟ, ಪೃಷ್ಠ ಅಂತ ಹರಡುವ ಹುಳಕಡ್ಡಿ ಈಗ ದೇಶದ ತುಂಬ ಹಠಮಾರಿಯಾಗಿದೆ. ಇದಕ್ಕೆ ಒಂದು ಕಾರಣ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಫಂಗಸ್. 2020ರಲ್ಲಿ ಈ ಹೆಸರು ಬಂತು. ಇದರ ಹಲವು ತಳಿಗಳು ಟರ್ಬಿನಫಿನ್‌ಗೆ ಬಗ್ಗುವುದಿಲ್ಲ. ಇನ್ನೊಂದು ಕಾರಣ ಮೆಡಿಕಲ್ ಶಾಪ್‌ನಲ್ಲಿ ಕೇಳಿದ ಕೂಡಲೇ ಸಿಗುವ ಮಿಶ್ರ ಕ್ರೀಮು. ಅದರಲ್ಲಿ ಫಂಗಸ್ ಔಷಧಿಯ ಜೊತೆ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ವಾಸಿಯಾಯಿತು ಅನಿಸುತ್ತದೆ. ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಬಿರುಕಿನ ಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಆದೇಶ ಮಾಡಿತು. ಆದರೂ ಸಂತೆ ದಿನ ಸಣ್ಣ ಪೇಟೆಗಳ ಅಂಗಡಿ ಮುಂದೆ ನಿಂತು ನೋಡಿ, ಚೀಟಿ ಯಾರ ಕೈಲಿದೆ? ಇದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ.

ಮಾತ್ರೆಗೆ ಬಗ್ಗದ ಫಂಗಸ್‌ಗೆ ಬೆಳಕು ಒಳ್ಳೆಯದಲ್ವಾ ಎಂದು ಕೇಳಬಹುದು. ಲ್ಯಾಬಿನಲ್ಲಿ ಹೌದು. ಮೈಮೇಲೆ ಬಂದಾಗ ಎರಡು ಅಡ್ಡಿ. ಒಂದು, ಜಾಗ ದೊಡ್ಡದು, ಮಡಿಕೆ ಇರುವಂಥದ್ದು. ಬೆಳಕನ್ನು ಎಲ್ಲ ಕಡೆ ಸಮವಾಗಿ ಬಿಡಲಾಗುವುದಿಲ್ಲ. ಎರಡು, ಫಂಗಸ್ ಸಣ್ಣ ರೋಮದ ಬುಡದಲ್ಲೂ ಅಡಗುತ್ತದೆ. ಹಾಗಾಗಿ ಇಲ್ಲಿ ಚರ್ಮವೈದ್ಯರು ಹೇಳಿದ ಮಾತ್ರೆ, ಹೆಚ್ಚಾಗಿ ಇಟ್ರಾಕೊನಜೋಲ್, ಜೊತೆಗೆ ಸ್ಟೀರಾಯ್ಡ್ ಇಲ್ಲದ ಕ್ರೀಮು. ಸಾಮಾನ್ಯವಾಗಿ 4 ವಾರ ಅಥವಾ ಇನ್ನೂ ಜಾಸ್ತಿ. ತುರಿಕೆ ನಿಂತಿತು ಅಂತ ನಡುವೆ ಬಿಡಬಾರದು. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಟವೆಲ್ ಬೇರೆ ಬೇರೆ ಇರಬೇಕು.

ಬೆರಳ ಸಂದಿಯ ಕೆಸರುಹುಣ್ಣಿನಲ್ಲೂ ಬೆಳಕನ್ನು ಪ್ರಯತ್ನಿಸಿದ್ದಾರೆ. ಶುರುವಿನಲ್ಲಿ ಗುಣ ಕಂಡರೂ ಕೆಲವೇ ವಾರದಲ್ಲಿ ಹಲವರಿಗೆ ಮರಳಿ ಬಂತು. ಟರ್ಬಿನಫಿನ್ ಅಥವಾ ಕ್ಲೊಟ್ರಿಮಜೋಲ್ ಕ್ರೀಮು ಕಮ್ಮಿ ದುಡ್ಡಲ್ಲಿ ಅದೇ ಕೆಲಸ ಮಾಡುತ್ತದೆ. ಬಾಯಿಯ ವಿಷಯಕ್ಕೂ ಒಂದು ಮಾತು. ಹಲ್ಲಿನ ಸೆಟ್ ಹಾಕಿಕೊಂಡ ಹಿರಿಯರಿಗೆ ಅಂಗುಳಿನಲ್ಲಿ ಕ್ಯಾಂಡಿಡಾ ಎಂಬ ಫಂಗಸ್ ಬಂದಾಗ ಬೆಳಕಿನ ಚಿಕಿತ್ಸೆ ನಿಸ್ಟಾಟಿನ್ ಎಂಬ ಫಂಗಸ್ ಔಷಧಿಗೆ ಸಮ ಎಂದು ತೋರಿಸಿದ ಅಧ್ಯಯನಗಳಿವೆ. ಆದರೆ ಅಲ್ಲೂ ಮರಳಿ ಬರುತ್ತದೆ. ರಾತ್ರಿ ಸೆಟ್ ತೆಗೆದಿಟ್ಟು ತೊಳೆದು ಮಲಗುವುದು ಇದಕ್ಕೆಲ್ಲ ಅಡಿಪಾಯ.

ಅರಿಶಿನ ಹಚ್ಚಿ ಬಲ್ಬ್ ಹಿಡಿದರೆ?

ಈ ಪ್ರಶ್ನೆ ಖಂಡಿತ ಬರುತ್ತದೆ. ಅರಿಶಿನದ ಕರ್ಕ್ಯುಮಿನ್ ಕೂಡ ಬೆಳಕು ಹೀರುವ ವಸ್ತುವೇ. ನೀಲಿ ಬೆಳಕಲ್ಲಿ ಅದು ಕ್ಯಾಂಡಿಡಾವನ್ನು ಕೊಲ್ಲುತ್ತದೆ ಎಂದು ಲ್ಯಾಬುಗಳಲ್ಲಿ ಕಂಡಿದ್ದಾರೆ. ನಮ್ಮಲ್ಲಿ ಮಳೆಗಾಲದ ಕಾಲಿಗೆ ಅರಿಶಿನ, ಎಣ್ಣೆ ಹಚ್ಚುವುದು ಹಳೆಯ ರೂಢಿ. ಆದರೆ ಕರ್ಕ್ಯುಮಿನ್ ನೀರಲ್ಲಿ ಕರಗುವುದಿಲ್ಲ. ಲ್ಯಾಬಿನಲ್ಲಿ ಅದನ್ನು ಬೇರೆ ದ್ರಾವಕದಲ್ಲಿ ಕರಗಿಸಿ, ಅಳೆದು, ನಿಗದಿತ ಬೆಳಕು ಕೊಡುತ್ತಾರೆ. ಅಡಿಗೆಮನೆಯ ಅರಿಶಿನ ಮತ್ತು ಎಲ್‌ಇಡಿ ಬಲ್ಬಿನಿಂದ ಅದು ಆಗದು. ಅಕ್ವೇರಿಯಂಗೆ ಮಾರುವ ಮೆಥಿಲೀನ್ ಬ್ಲೂ ತಂದು ಮನೆಯಲ್ಲಿ ಪ್ರಯೋಗ ಮಾಡುವುದಂತೂ ಬೇಡವೇ ಬೇಡ. ಅದರ ಶುದ್ಧತೆ ಮನುಷ್ಯರಿಗಾಗಿ ನೋಡಿದ್ದಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಮ್ಮಿಯಾದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ.

ಯಾರಿಗೆ ಯಾವುದು

ಆರೋಗ್ಯವಾಗಿರುವ ತೋಟದ ಕೆಲಸಗಾರ, ಎರಡು ಮೂರು ಉಗುರು ಬುಡದವರೆಗೆ ಕೆಟ್ಟಿದೆ, ಲಿವರ್ ಸರಿ ಇದೆ. ಇವರಿಗೆ ಟರ್ಬಿನಫಿನ್. ಯೋಚಿಸುವುದೇ ಬೇಡ. ಜನೌಷಧಿ ಮಳಿಗೆಯಲ್ಲಿ ವಿಚಾರಿಸಿದರೆ ಖರ್ಚು ಇನ್ನೂ ಇಳಿಯಬಹುದು.

ಲಿವರ್ ಕೆಟ್ಟವರು, ಅಥವಾ ಹೃದಯ, ಕಿಡ್ನಿ ಅಂತ ಮಾತ್ರೆಗಳ ರಾಶಿಯೇ ಇರುವವರು, ಒಂದೆರಡು ಉಗುರು ಮಾತ್ರ ಕೆಟ್ಟಿದೆ. ಬೆಳಕಿನ ಚಿಕಿತ್ಸೆ ಕೇಳಬೇಕಾದವರು ಇವರೇ. ಲೇಪವನ್ನೂ ಜೊತೆಗೆ ಮುಂದುವರಿಸಬಹುದು. ಹತ್ತಕ್ಕೆ ಹತ್ತೂ ಉಗುರು ಕೆಟ್ಟಿದ್ದರೆ ಬೆಳಕಿನಿಂದ ಹೆಚ್ಚು ನಿರೀಕ್ಷೆ ಬೇಡ.

ಬಸುರಿಯರು ಉಗುರಿನ ಮಾತ್ರೆಯನ್ನು ಹೆರಿಗೆ, ಹಾಲೂಡಿಸುವುದು ಮುಗಿಯುವವರೆಗೆ ಮುಂದಕ್ಕೆ ಹಾಕುವುದೇ ವಾಸಿ. ಉಗುರಿನ ಫಂಗಸ್ ಕಾಯಬಲ್ಲ ಕಾಯಿಲೆ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಕಾಯುವುದು ಒಳ್ಳೆಯದಲ್ಲ. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿ ಇಡೀ ಕಾಲು ಕೆಂಪಾಗಿ ಊದಿಕೊಳ್ಳಬಹುದು. ಅಂಥವರು ಬೇಗ ತೋರಿಸಬೇಕು.

ಇನ್ನು ದಾರಿಯ ಲೆಕ್ಕ. ಬೆಳಕಿನ ಚಿಕಿತ್ಸೆಯ ಸೌಕರ್ಯ ಹುಡುಕಿದರೆ ನಮ್ಮ ಕಡೆಯವರು ಹೆಚ್ಚಾಗಿ ಮಂಗಳೂರು, ಮಣಿಪಾಲ, ಬೆಂಗಳೂರಿನ ಕಡೆಗೇ ನೋಡಬೇಕು. 15 ದಿನಕ್ಕೊಮ್ಮೆ, ತಿಂಗಳುಗಟ್ಟಲೆ. ಜುಲೈನಲ್ಲಿ ಚಾರ್ಮಾಡಿ ಘಾಟಿಯಲ್ಲೋ ಶಿರಾಡಿಯಲ್ಲೋ ಗುಡ್ಡ ಜರಿದರೆ ಆ ಸಲದ್ದು ತಪ್ಪಿತು. ಡಿಸೆಂಬರ್‌ನಿಂದ ಫೆಬ್ರವರಿಗೆ ಕಾಫಿ ಕೊಯ್ಲು, ಆಗ ಯಾರಿಗೂ ಬಿಡುವಿಲ್ಲ. ದಿನಗೂಲಿ ಬಿಟ್ಟು ಹೋಗುವವರಿಗೆ ಬಸ್ ಚಾರ್ಜಿಗಿಂತ ಹೋದ ಕೂಲಿಯೇ ಭಾರ. ಅರ್ಧಕ್ಕೆ ಬಿಟ್ಟ ಬೆಳಕಿನ ಚಿಕಿತ್ಸೆಗಿಂತ ಪೂರ್ತಿ ಮಾಡಿದ ಮಾತ್ರೆ ಎಷ್ಟೋ ಮೇಲು. ಹಾಗಾಗಿ ಹೋಗುವ ಮುಂಚೆ ಫೋನಿನಲ್ಲೇ ಕೇಳಿಕೊಳ್ಳಿ. ಯಾವ ಔಷಧಿ ಹಚ್ಚುತ್ತೀರಿ? ಯಾವ ಬೆಳಕು, ಎಷ್ಟು ನ್ಯಾನೋಮೀಟರ್? ಉಗುರನ್ನು ಮೊದಲು ತೆಳ್ಳಗೆ ಮಾಡುತ್ತೀರಾ? ಒಟ್ಟು ಎಷ್ಟು ಸಲ, ಒಟ್ಟು ಎಷ್ಟು ಖರ್ಚು? ಕೊನೆಗೆ ಮತ್ತೆ ಕೆಒಎಚ್ ಮಾಡಿ ತೋರಿಸುತ್ತೀರಾ? ಔಷಧಿಯ ಹೆಸರು ಹೇಳದೆ ಬರೀ ಬೆಳಕು, ಬರೀ ಲೇಸರ್ ಅಂದರೆ ಅದು ನೀವು ಕೇಳಿದ ಚಿಕಿತ್ಸೆ ಅಲ್ಲ.

ಯಾವ ದಾರಿ ಹಿಡಿದರೂ ನಡುವೆ ಒಂದು ಮಳೆಗಾಲ ಬಂದೇ ಬರುತ್ತದೆ. ಎರಡು ಜೊತೆ ಗಂಬೂಟು ಇಟ್ಟುಕೊಂಡು ಒಂದು ದಿನ ಬಿಟ್ಟು ಒಂದು ದಿನ ಹಾಕಿ. ಮಧ್ಯಾಹ್ನ ಊಟಕ್ಕೆ ಕೂತಾಗ ಬಿಚ್ಚಿ ಕಾಲು ಒರೆಸಿ, ಸಾಕ್ಸು ಬದಲಿಸಿ. ತೋಟದ ಮಾಲೀಕರು ಕೆಲಸದವರಿಗೆ ಇನ್ನೊಂದು ಜೊತೆ ಬೂಟು ಕೊಡಿಸಿದರೆ ಅದೂ ಚಿಕಿತ್ಸೆಯ ಭಾಗವೇ.

ಕಣ್ಣಿಗಾದರೆ ಕಾಯಬೇಡಿ

ಕೊಯ್ಲಿನಲ್ಲಿ ಕಾಫಿ ಗಿಡದ ರೆಕ್ಕೆ ಬಡಿದು, ಒಕ್ಕಣೆಯಲ್ಲಿ ಭತ್ತದ ಹೊಟ್ಟು ಸಿಡಿದು ಕಣ್ಣಿಗೆ ಗೀರು ಬೀಳುತ್ತದೆ. ಆ ಗೀರಿನ ಮೂಲಕ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಫಂಗಸ್ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ, ಇಳಿಯುತ್ತದೆ. ನೋವು, ಕೆಂಪು, ನೀರು, ಬೆಳಕು ನೋಡಲಾಗದಿರುವುದು, ಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಇಲ್ಲಿ ವಾರಗಳ ಲೆಕ್ಕ ಇಲ್ಲ, ದಿನಗಳದ್ದೇ ಲೆಕ್ಕ.

ಕಣ್ಣಿಗೂ ಬೆಳಕಿನ ಚಿಕಿತ್ಸೆ ಇದೆ. ಅಮೆರಿಕದ ಮಯಾಮಿಯ ಬ್ಯಾಸ್ಕಮ್ ಪಾಮರ್ ಕಣ್ಣಿನ ಸಂಸ್ಥೆಯಲ್ಲಿ ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣದ ಔಷಧಿ ಮತ್ತು ಹಸಿರು ಬೆಳಕು ಬಳಸಿ, ಕಣ್ಣಿಗೆ ಹಾಕುವ ಹನಿ ಔಷಧಿಗೆ ಬಗ್ಗದ ಸೋಂಕಿಗೆ ಚಿಕಿತ್ಸೆ ಕೊಟ್ಟಿದ್ದಾರೆ. ಕಾರ್ನಿಯಾ ಬದಲಿಸುವುದನ್ನು ತಪ್ಪಿಸಿಕೊಂಡವರೂ ಇದ್ದಾರೆ. ಆದರೆ ಇದು ಹನಿಯ ಜೊತೆಗೆ, ಹನಿ ಸೋತಾಗ. ಹನಿಯ ಬದಲಿಗೆ ಅಲ್ಲ.

ಇನ್ನೊಂದು ವಿಧಾನದಲ್ಲಿ ರೈಬೊಫ್ಲೇವಿನ್, ಅಂದರೆ ಬಿ2 ವಿಟಮಿನ್, ಹಾಕಿ ನೇರಳಾತೀತ ಬೆಳಕು ಬಿಡುತ್ತಾರೆ. ಅದನ್ನು ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಯಲ್ಲಿ ಫಂಗಸ್ ಹುಣ್ಣಿನ ರೋಗಿಗಳ ಮೇಲೆ ಸರಿಯಾಗಿ ಹೋಲಿಸಿ ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಲಾಭ ಕಾಣಲಿಲ್ಲ. ಬೆಳಕು ಬಿಟ್ಟವರ ದೃಷ್ಟಿ ಇನ್ನೂ ಕಮ್ಮಿಯೇ ಇತ್ತು. ಬೆಳಕು, ಬಣ್ಣ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ ಅನ್ನಲು ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಮೊದಲ ಔಷಧಿ ಇವತ್ತಿಗೂ ನಾಟಮೈಸಿನ್ 5% ಹನಿ. ಅದೇ ಅರವಿಂದ್ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅದು ಹೊಸದಾದ ವೊರಿಕೊನಜೋಲ್ ಹನಿಯನ್ನು ಹಿಂದೆ ಹಾಕಿತು, ಅದರಲ್ಲೂ ಫ್ಯುಸೇರಿಯಂ ಇದ್ದವರಲ್ಲಿ. ಮನೆಯಲ್ಲಿ ಉಳಿದ ಯಾವುದೋ ಹನಿಯನ್ನು ಹಾಕಲೇಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಫಂಗಸ್ ವೇಗವಾಗಿ ಒಳಗೆ ಹೋಗುತ್ತದೆ. ಎದೆಹಾಲು, ಸೊಪ್ಪಿನ ರಸವೂ ಬೇಡ. ಕಣ್ಣು ಉಜ್ಜದೆ, ಶುದ್ಧ ನೀರಲ್ಲಿ ತೊಳೆದು, ಅದೇ ದಿನ ಹಾಸನ ಅಥವಾ ಚಿಕ್ಕಮಗಳೂರಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ, ಏನು ತಾಗಿತು ಎಂದು ಹೇಳಿ. ಎಲೆಯೋ, ಕಡ್ಡಿಯೋ, ಹೊಟ್ಟೋ ಅನ್ನುವುದು ತಿಳಿದರೆ ಅವರು ಫಂಗಸ್ಸನ್ನು ಮೊದಲೇ ಅನುಮಾನಿಸಿ ಕೆರೆದು ಪರೀಕ್ಷೆ ಮಾಡುತ್ತಾರೆ.